ಹಸಿರು ಅಂದ್ರೆ ಆಫ್

ನನ್ನ ಗಂಡ ರಿಟೈರ್ ಆದ ಮೇಲೆ ನಮ್ಮ ಮನೆಯ ಮಿಕ್ಸಿಗೆ ಕೆಂಪು ಚೀಟಿ ಬಂತು. "ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದು, ದಾರ ಕಟ್ಟಿ, ಮಿಕ್ಸಿಯ ಕುತ್ತಿಗೆಗೆ ನೇತುಹಾಕಿದ್ದರು. ಯಾವ ಕೆಲಸವೂ ನಡೆಯುತ್ತಿರಲಿಲ್ಲ. ವೈರು ಸ್ವಲ್ಪ ಬಿಸಿಯಾಗುತ್ತದೆ, ನಿಧಾನವಾಗಿ ನೋಡಿದರಾಯಿತು ಎಂದು ಚೀಟಿ ಕಟ್ಟಿ ಅವರು ಪೇಪರ್ ಓದುತ್ತ ಕೂತಿದ್ದರು. ನಾನು ಸಂಜೆ ಕೆಲಸದಿಂದ ಬಂದು, ಚಟ್ನಿಗೆ ಕಾಯಿ ತುರಿದು, ಸ್ವಿಚ್ಚಿಗೆ ಕೈ ಹಾಕಿದರೆ ಹಾಲ್‌ನಿಂದ ಗರ್ಜನೆ.

"ಏಯ್, ಟ್ಯಾಗ್ ಕಾಣಲ್ವಾ? ಕಟ್ಟಿದವನೇ ಬಿಚ್ಬೇಕು ಅದನ್ನ. ರೂಲ್ಸು!"

"ಹಾಗಾದ್ರೆ ಬಂದು ಬಿಚ್ಚಿ."

"ಚೆಕ್ ಮಾಡ್ದೆ ಹೆಂಗೆ ಬಿಚ್ಚಲಿ?"

ಆ ರಾತ್ರಿ ಚಟ್ನಿ ಇಲ್ಲದೆ ದೋಸೆ ತಿಂದೆವು. ನನಗೆ ಎಷ್ಟು ಮೈ ಉರಿಯಿತೆಂದರೆ ಅವರ ದೋಸೆಯನ್ನು ಬೇಕೆಂದೇ ಸೀಯಿಸಿದೆ.

ಅವರು ಕೆ.ಆರ್. ಪುರದ ಆಚೆಗಿದ್ದ ಒಂದು ಸರ್ಕಾರಿ ಫ್ಯಾಕ್ಟರಿಯ ಸಬ್‌ಸ್ಟೇಷನ್ನಿನಲ್ಲಿ ಇಡೀ ಸರ್ವೀಸು ಕಳೆದವರು. ಬೀರುವಿನಷ್ಟು ಎತ್ತರದ ಪ್ಯಾನೆಲ್ಲುಗಳ ಮುಂದೆ ನಿಂತು, ಯಾವ ಶೆಡ್ಡಿಗೆ ಕರೆಂಟು ಬಿಡಬೇಕು, ಯಾವುದಕ್ಕೆ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಆಗ ನಾವು ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿದ್ದೆವು. ಸಂಜೆ ಸೈರನ್ ಕೂಗಿದ ಕೂಡಲೇ ಸಾಲುಮನೆಗಳಲ್ಲೆಲ್ಲ ಕಾಫಿಗೆ ನೀರಿಡುತ್ತಿದ್ದರು. ನಾನು ಮಾತ್ರ ಸೈರನ್ನನ್ನು ನಂಬುತ್ತಿರಲಿಲ್ಲ. ಗೇಟಿನ ಹತ್ತಿರ ಸ್ಕೂಟರ್ ಸದ್ದು ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದೆ. ಏನಾದರೂ ಕೆಟ್ಟು ನಿಂತ ದಿನ ಇವರು ಯಾವ ಹೊತ್ತಿಗೆ ಬರುತ್ತಾರೆ, ಹೇಗಿದ್ದಾರೆ ಎಂದು ಹೇಳುವವರೇ ಇರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದೆ. ಬಂದ ಮೇಲೆ ಜಗಳ ತೆಗೆದರೆ, "ಕರೆಂಟ್ ಜೊತೆ ಕೆಲ್ಸ ಕಣೇ, ಅವಸರ ಮಾಡಕ್ಕಾಗುತ್ತಾ?" ಎನ್ನುತ್ತಿದ್ದರು. ಹಾಗಂದರೆ ಹೆಂಡತಿಗೆ ಧೈರ್ಯ ಬರುತ್ತದೆ ಎಂದು ಪಾಪ ಅವರ ನಂಬಿಕೆ.

ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟು ಹೊರಮಾವಿನ ಈ ಸಣ್ಣ ಫ್ಲ್ಯಾಟಿಗೆ ಬಂದೆವು. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕೆಲಸಕ್ಕೆ ಹೋಗಿಬಿಡುತ್ತಿದ್ದೆ. ಮನೆಯಲ್ಲಿ ಇವರೊಬ್ಬರೇ. ಪ್ಯಾನೆಲ್ ಇಲ್ಲ, ಶಿಫ್ಟ್ ಇಲ್ಲ, ಬೈಯಲು ಹೆಲ್ಪರುಗಳಿಲ್ಲ. ಒಂದು ದಿನ ಬಂದು ನೋಡಿದರೆ ಫ್ರಿಜ್ಜಿಗೆ "ರೆಸ್ಟ್" ಕೊಟ್ಟಿದ್ದರು, ಹಾಲು ಒಡೆದಿತ್ತು. ಇನ್ನೊಂದು ದಿನ ಮೇನ್ ಸ್ವಿಚ್ ಆಫ್ ಮಾಡಿ, ಇಡೀ ಮನೆಯ ಸ್ವಿಚ್ ಬೋರ್ಡುಗಳನ್ನು ಬಿಚ್ಚಿ, ಸ್ಕ್ರೂಗಳನ್ನು ನನ್ನ ಒಗ್ಗರಣೆ ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟಿದ್ದರು. ಈ ಮನುಷ್ಯನಿಗೊಂದು ಕೆಲಸ ಸಿಗಬೇಕು, ಅದೂ ನನ್ನ ಕಣ್ಣೆದುರಿಗೇ ಸಿಗಬೇಕು, ಇಲ್ಲದಿದ್ದರೆ ನನ್ನ ಸಂಸಾರ ಉಳಿಯುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಅವರೂ ಬಾಯಿಬಿಟ್ಟು ಹೇಳದಿದ್ದರೂ, ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಬಾಗಿಲ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ನಾನು ಕೆಲಸ ಮಾಡುವುದು ಕಮರ್ಷಿಯಲ್ ಸ್ಟ್ರೀಟಿನ ಒಂದು ಅಡ್ಡರಸ್ತೆಯಲ್ಲಿ, ಲೇಸು ಗುಂಡಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಮದುವೆ ಫೋಟೋ ಸ್ಟುಡಿಯೋದಲ್ಲಿ. ಆಲ್ಬಮ್ ವಿಭಾಗ ನನ್ನದು. ಯಾವ ಅತ್ತೆಯ ಫೋಟೋ ದೊಡ್ಡದಾಗಿ ಬರಬೇಕು, ಯಾವ ಚಿಕ್ಕಪ್ಪನನ್ನು ಮೂಲೆಗೆ ತಳ್ಳಬೇಕು ಎಂದು ಎರಡೂ ಕಡೆಯವರನ್ನು ಕೂರಿಸಿಕೊಂಡು ರಾಜಿ ಮಾಡಿಸುವುದು. ನಮ್ಮ ಮಾಲೀಕರು ಫ್ರೇಜರ್ ಟೌನಿನವರು. ಮನೆಯಲ್ಲಿ ದಖ್ಖನಿ ಉರ್ದು, ನನ್ನ ಹತ್ತಿರ ಕನ್ನಡ, ಹೂವಿನ ಅಲಂಕಾರದವರ ಹತ್ತಿರ ತಮಿಳು, ಮದುಮಗಳ ಹತ್ತಿರ ಇಂಗ್ಲಿಷ್. ನನಗಿಂತ ಚಿಕ್ಕವರು, ಅಕ್ಕ ಎನ್ನುತ್ತಾರೆ.

ಸ್ಟುಡಿಯೋದ ಹಿಂದೆ, ಹಳೆಯ ಕಾಲದಲ್ಲಿ ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆ ಈಗ ಬಾಗಿಲಿಗೆ ಗಾಜು ಹಾಕಿಸಿಕೊಂಡು ಸರ್ವರ್ ರೂಮಾಗಿದೆ. ಅಡ್ಡ ಮಲಗಿಸಿದ ಟ್ರಂಕಿನಂತಿರುವ ಒಂದು ಕಬ್ಬಿಣದ ಪೆಟ್ಟಿಗೆ, ಅದರ ತಲೆಯ ಮೇಲೆ ಸದಾ ಓಡುವ ಎಸಿ. ನಾವು ತೆಗೆದ ಅಷ್ಟೂ ಮದುವೆಗಳು ಆ ಪೆಟ್ಟಿಗೆಯಲ್ಲಿವೆ. ಹೋದ ಬೇಸಿಗೆಯಲ್ಲಿ ಏನಾಯಿತೋ, ಒಂದು ಮದುವೆ ಪೂರ್ತಿ ಅಳಿಸಿಹೋಗಿ, ಮಾಲೀಕರು ಹುಡುಗಿಯ ತಂದೆಯ ಮುಂದೆ ಕೈ ಕಟ್ಟಿಕೊಂಡು ನಿಂತು ಬಂದರು. ಕಾರಣ ಗೊತ್ತಾಗಲೇ ಇಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಟೆಕ್ನೀಷಿಯನ್ ವೈಟ್‌ಫೀಲ್ಡಿನಲ್ಲಿ ಬೇರೆ ಕೆಲಸ ಹಿಡಿದು ಹೊರಟ. ಆಗ ನಾನು ಬಾಯಿ ಹಾಕಿದೆ.

"ನಮ್ಮನೆಯವರನ್ನ ಒಂದ್ಸಲ ನೋಡಿ ಭಾಯ್. ಜೀವನ ಪೂರ್ತಿ ದೀಪ ನೋಡಿಕೊಂಡೇ ಬಂದೋರು."

"ಅರೆ, ಚೆನ್ನಾಗಿದೆಯಲ್ಲ ಅಕ್ಕ! ಶನಿವಾರ ನಾವೆಲ್ಲ ಕುಕ್ ಟೌನ್ ಮದುವೆಗೆ ಹೋಗ್ತೀವಿ. ಆವತ್ತು ಅಂಕಲ್ ಬಂದು ಕೂತ್ಕೊಳ್ಳಲಿ. ಸರಿಹೋದ್ರೆ ತಿಂಗಳಿಂದ ಪರ್ಮನೆಂಟ್."

ಶನಿವಾರ ನನ್ನ ಗಂಡ ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು ಹಾಕಿ, ಟೆಸ್ಟರನ್ನು ಜೇಬಿಗೆ ಸಿಕ್ಕಿಸಿ, ಕೆಂಪು ಚೀಟಿಗಳ ಕಟ್ಟನ್ನೂ ಹಿಡಿದು ಹೊರಟರು. ಮಾಲೀಕರು ಕ್ಯಾಮೆರಾ ಬ್ಯಾಗು ಹೆಗಲಿಗೇರಿಸುತ್ತಲೇ ಪಾಠ ಹೇಳಿದರು.

"ಕೆಲ್ಸ ಏನಿಲ್ಲ ಅಂಕಲ್. ಒಂದು ಮದುವೆ ಫಿಲಂ ಕಾಪಿ ಆಗ್ತಾ ಇದೆ, ಸಂಜೆವರೆಗೂ ಆಗುತ್ತೆ. ನೀವು ಲೈಟ್ ನೋಡ್ತಾ ಇರಿ ಅಷ್ಟೇ. ಹಸಿರು ಇದ್ರೆ ಏನೂ ಚಿಂತೆ ಇಲ್ಲ. ಆರೆಂಜ್ ಬಂದ್ರೆ ಏನೋ ತೊಂದ್ರೆ. ಕೆಂಪು ಬಂದ್ರೆ ತಕ್ಷಣ ಫೋನ್ ಮಾಡಿ, ಎಲ್ಲಿದ್ರೂ ಓಡಿ ಬರ್ತೀನಿ."

"ಗೊತ್ತಾಯ್ತು ಸಾರ್. ನಮ್ಮಲ್ಲೂ ಅದೇ," ಎಂದರು ನನ್ನ ಗಂಡ, ಗಂಭೀರವಾಗಿ. ಮಾಲೀಕರಿಗೆ ಸಮಾಧಾನವಾಯಿತು. ನನಗೆ ಹೆಮ್ಮೆಯೇ ಆಯಿತು. ಮಾಲೀಕರಿಗೂ ನನಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಫ್ಯಾಕ್ಟರಿಯ ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಎಂದರೆ ಆನ್, ಒಳಗೆ ಕರೆಂಟು ಹರಿಯುತ್ತಿದೆ ಎಂದು. ಹಸಿರು ಎಂದರೆ ಆಫ್. ಆರೆಂಜ್ ಎಂದರೆ ತಾನಾಗಿಯೇ ಟ್ರಿಪ್ ಆಗಿ ನಿಂತಿದೆ ಎಂದು. ಇಡೀ ಸರ್ವೀಸಿನಲ್ಲಿ ಇವರು ಬೇರೆ ಅರ್ಥವನ್ನೇ ಕಂಡವರಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಆಗಬೇಕಾದ್ದೆಲ್ಲ ಆದ ಮೇಲೆ.

ಎಲ್ಲರೂ ಹೊರಟು ಸ್ಟುಡಿಯೋದಲ್ಲಿ ನಾವಿಬ್ಬರೇ ಉಳಿದೆವು. ಇವರು ಸರ್ವರ್ ರೂಮಿಗೆ ಹೋದವರು ಎರಡೇ ಕ್ಷಣದಲ್ಲಿ ಹೊರಗೆ ತಲೆ ಹಾಕಿದರು. ಬೆರಳಿಗೆ ಕಪ್ಪು ಟೇಪಿನ ಚೂರೊಂದು ಅಂಟಿತ್ತು.

"ನೋಡೇ ಇಲ್ಲಿ. ಇಂಡಿಕೇಟರ್ ಲ್ಯಾಂಪ್ ಮೇಲೆ ಟೇಪ್ ಅಂಟಿಸಿದ್ದಾನೆ ಆ ಮಹಾನುಭಾವ! ಯಾರು ಇವನಿಗೆ ಸಂಬಳ ಕೊಟ್ಟೋರು?"

"ನೀವು ಮೊದಲು ಮೆತ್ತಗೆ ಮಾತಾಡಿ. ಕಸ್ಟಮರ್ ಬರೋ ಹೊತ್ತು."

ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ತಲೆ. "ಅಲ್ವೇ, ಫಿಲಂ ಕಾಪಿ ಆಗ್ತಿದೆ ಅಂದ್ರು ನಿಮ್ಮ ಭಾಯ್. ಮಷೀನ್ ಆಫ್ ಆಗಿದೆಯಲ್ಲ?"

"ಅದೆಲ್ಲ ನಂಗೇನ್ರೀ ಗೊತ್ತು? ನಾನು ಆ ರೂಮಿಗೆ ಹೋಗೋದು ಛತ್ರಿ ಇಡಕ್ಕೆ. ಸದ್ದು ಬರ್ತಿದೆ ತಾನೇ?"

"ಸದ್ದು ಫ್ಯಾನಿಂದು. ಬಿಸಿ ಇಳಿಯೋವರ್ಗೂ ಓಡುತ್ತೆ. ಆಯ್ತು, ನಾನೇ ಆನ್ ಮಾಡ್ತೀನಿ, ಮರೆತು ಹೋಗಿದ್ದಾರೆ ಪಾಪ."

ಅಷ್ಟರಲ್ಲಿ ಆಲ್ಬಮ್ ನೋಡಲು ಹಲಸೂರಿನಿಂದ ತಾಯಿ ಮಗಳು ಬಂದರು. ಮಗಳ ಮದುವೆಯ ಫೋಟೋ. ತಾಯಿಗೆ ತನ್ನದೇ ಫೋಟೋ ಮೇಲೆ ಕಣ್ಣು. ನಾನು ಅವರನ್ನು ಸಂಭಾಳಿಸುತ್ತಿದ್ದಂತೆ ಸರ್ವರ್ ರೂಮಿನಿಂದ ಸದ್ದು ಏರುವುದು, ಇಳಿಯುವುದು, ಪೂರ್ತಿ ನಿಲ್ಲುವುದು, ಮತ್ತೆ ಜೋರಾಗಿ ಏರುವುದು ಕೇಳಿಸುತ್ತಿತ್ತು. ನಡುನಡುವೆ ನನ್ನ ಗಂಡನ ಧ್ವನಿ.

"ಟ್ರಿಪ್ ಆಯ್ತು."

ಸದ್ದು ಏರಿತು.

"ಥೂ, ಮತ್ತೆ ಆಫು. ಹಿಡೀತಾನೇ ಇಲ್ಲ ಇದು!"

ಒಳಗೆ ನಡೆಯುತ್ತಿದ್ದುದು ಇಷ್ಟು. ಪವರ್ ಬಟನ್ ಮೇಲಿನ ಹಸಿರು ದೀಪ ನೋಡಿ, ಆಫ್ ಆಗಿದೆ ಎಂದು ಅವರು ಬಟನ್ ಒತ್ತಿದರು. ಚೆನ್ನಾಗಿ ಓಡುತ್ತಿದ್ದ ಸರ್ವರು, ನಿಲ್ಲು ಎಂದರಲ್ಲ ಎಂದು ವಿಧೇಯವಾಗಿ ನಿಂತಿತು. ಬಟನ್ ದೀಪ ಆರೆಂಜ್ ಆಯಿತು. ಟ್ರಿಪ್ ಆಯಿತೆಂದು ಇವರು ಮತ್ತೆ ಒತ್ತಿದರು. ಸರ್ವರು ಎದ್ದು ಕೂತು ಹಸಿರು ತೋರಿಸಿತು. ಮತ್ತೆ ಆಫ್ ಆಯಿತೆಂದು ಇವರು ಇನ್ನೊಮ್ಮೆ ಒತ್ತಿದರು. ಕೆಂಪು ಬರುವವರೆಗೂ ಬಿಡುವವರಲ್ಲ ಅವರು. ಒಂದು ಸಲ ಬಟನ್ನನ್ನು ಒತ್ತಿ ಹಿಡಿದೇ ನಿಂತರಂತೆ. ಸರ್ವರು ಉಸಿರು ಕಟ್ಟಿದ ಹಾಗೆ ಥಟ್ಟನೆ ಸತ್ತಿತಂತೆ. ಮರುಜೀವ ಕೊಟ್ಟವರೂ ಅವರೇ.

ಹಲಸೂರಿನ ತಾಯಿ ಕಿವಿ ನಿಮಿರಿಸಿ, "ಒಳಗೆ ಯಾರ್ರೀ, ಗಾಡಿ ಸ್ಟಾರ್ಟ್ ಮಾಡ್ತಿದ್ದಾರಾ?" ಎಂದು ಕೇಳಿದರು.

"ಹೂಂ, ಹೊಸ ಮೆಕ್ಯಾನಿಕ್," ಎಂದೆ.

ಕೊನೆಗೆ ಹಸಿರು ಉರಿಯುತ್ತಿದ್ದಂತೆಯೇ ಬಿಟ್ಟು, ಇವರು ಸೋತು ಹೊರಗೆ ಬಂದು ನೀರು ಕುಡಿದರು. ಬಾಗಿಲ ಹಿಡಿಗೆ ಕೆಂಪು ಚೀಟಿ ಕಟ್ಟಿದರು. ನಾನೂ ಒಳಗೆ ಹೋಗುವಂತಿಲ್ಲ. ಹಾಗೇ ನಿಂತು ಏನೋ ನೆನಪಾದವರಂತೆ, "ಮಷೀನೇ ಆಫ್ ಇದೆ, ಮೇಲೆ ಎಸಿ ಬೇರೆ ಕೇಡು! ಯಾರ ಮನೆ ಕರೆಂಟು?" ಎಂದು ಗೊಣಗುತ್ತ ಒಳಗೆ ಹೋಗಿ ಎಸಿ ಆರಿಸಿ, ತಂಪು ಹೋಗದಿರಲಿ ಎಂದು ಬಾಗಿಲನ್ನೂ ಭದ್ರವಾಗಿ ಹಾಕಿ ಬಂದರು. ಸರ್ಕಾರಿ ಫ್ಯಾಕ್ಟರಿಯಲ್ಲಿ ಕಲಿತ ಮಿತವ್ಯಯ. ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ, ಮಾಲೀಕರಿಗೆ ಹೇಳಬೇಕು ಅಂದುಕೊಂಡೆ.

ತಾಯಿ ಮಗಳು ಹೋದರು. ನಾವು ಡಬ್ಬಿ ಬಿಚ್ಚಿ ಮೊಸರನ್ನ ತಿಂದೆವು. ಇವರು ಎರಡು ತುತ್ತಿಗೊಮ್ಮೆ ಎದ್ದು, ಬಾಗಿಲ ಗಾಜಿಗೆ ಹಣೆ ಹಚ್ಚಿ ದೀಪ ನೋಡಿ ಬರುತ್ತಿದ್ದರು. ಅಷ್ಟು ಆಸೆ. ಈ ಕೆಲಸ ಕೈತಪ್ಪಿದರೆ ಈ ಮನುಷ್ಯ ಮತ್ತೆ ನಮ್ಮ ಮನೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾರಲ್ಲ ಎಂದು ನನಗೆ ಅನ್ನ ಇಳಿಯಲಿಲ್ಲ. ಒಂದು ಸಲ ಹೋದವರು ಅಲ್ಲಿಂದಲೇ ಕೂಗಿದರು.

"ಬಂತು ಕಣೇ! ಬಂತು, ಬಂತು! ಕೆಂಪು!"

ನಾನೂ ಎದ್ದು ಓಡಿದೆ. ಹೌದು, ಗಾಜಿನಾಚೆ, ಬೆಳಿಗ್ಗೆ ಟೇಪ್ ಕಿತ್ತ ಜಾಗದಲ್ಲಿ, ಪುಟ್ಟದೊಂದು ಕೆಂಪು ದೀಪ ಮಿಣುಕ್ ಮಿಣುಕ್ ಎನ್ನುತ್ತಿತ್ತು. ನನ್ನ ಗಂಡನ ಮುಖದಲ್ಲಿ ರಿಟೈರ್ ಆದ ಮೇಲೆ ಕಾಣದ ಕಳೆ. ಅನ್ನದ ಕೈಯಲ್ಲೇ ನನ್ನ ಫೋನ್ ತೆಗೆದುಕೊಂಡು ಮಾಲೀಕರಿಗೆ ಮಾಡಿದರು.

"ಸಾರ್, ನಾನು. ಕೆಂಪು ಬಂತು ಸಾರ್! ಬೆಳಿಗ್ಗೆಯಿಂದ ಒದ್ದಾಡಿ ತರಿಸ್ದೆ. ನೀವು ಆರಾಮಾಗಿ ಊಟ ಮಾಡ್ಕೊಂಡೇ ಬನ್ನಿ. ಹಲೋ? ಹಲೋ?" ನನ್ನ ಕಡೆ ತಿರುಗಿ, "ಬರ್ತೀನಿ ಅಂದು ಇಟ್ಬಿಟ್ರು. ಖುಷಿಗೆ ಮಾತೇ ಹೊರಡ್ಲಿಲ್ಲ ಅವರಿಗೆ," ಎಂದರು.

ಮಾಲೀಕರು ಆಟೋದಿಂದ ಹಾರಿ, ಮೆಟ್ಟಿಲುಗಳನ್ನು ಎರಡೆರಡಾಗಿ ನೆಗೆದು ಬಂದರು. ಕೊರಳಲ್ಲಿ ಎರಡು ಕ್ಯಾಮೆರಾಗಳು ಒಂದಕ್ಕೊಂದು ಗುದ್ದುತ್ತಿದ್ದವು, ಕೈಯಲ್ಲಿ ಮದುವೆಮನೆಯ ಕೇಕಿನ ಚೂರು ಹಾಗೇ ಇತ್ತು. ನನ್ನ ಗಂಡ ಕೈಕುಲುಕಲು ಮುಂದಾದರು. ಅವರು ಕೇಕನ್ನು ಆ ಕೈಗಿಟ್ಟು, ಬಾಗಿಲು ತಳ್ಳಿ ಒಳಗೆ ನುಗ್ಗಿದರು. ಒಲೆ ಮುಂದೆ ನಿಂತಂಥ ಸೆಕೆ ಮುಖಕ್ಕೆ ಹೊಡೆಯಿತು.

"ಯಾ ಅಲ್ಲಾ! ಎಸಿ ಯಾರು ಆಫ್ ಮಾಡಿದ್ದು?"

ಎಸಿ ಹಾಕಿ, ಬಾಗಿಲು ಪೂರ್ತಿ ತೆರೆದು, ಟೇಬಲ್ ಫ್ಯಾನು ತಂದು ಪೆಟ್ಟಿಗೆಯ ಮುಂದಿಟ್ಟು, ನಾವು ಮೂವರೂ ನೋಡುತ್ತ ನಿಂತೆವು. ಮಾಲೀಕರು ಏನೋ ಪ್ರಾರ್ಥಿಸುತ್ತಿದ್ದರು. ಬಹಳ ಹೊತ್ತಿನ ಮೇಲೆ ಕೆಂಪು ಹೋಗಿ ಹಸಿರು ಬಂತು. ಮಾಲೀಕರು ಹಣೆಯ ಬೆವರು ಒರೆಸಿಕೊಂಡರು.

"ಅಯ್ಯೋ! ಮತ್ತೆ ಆಫ್ ಆಗೋಯ್ತಲ್ಲ ಸಾರ್," ಎಂದರು ನನ್ನ ಗಂಡ, ಕೇಕ್ ಹಿಡಿದುಕೊಂಡೇ.

ಮಾಲೀಕರು ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಂಕಲ್, ಹಸಿರು ಅಂದ್ರೆ ಆನ್!"

"ಯಾವ ಊರಲ್ರೀ?"

"ಎಲ್ಲಾ ಊರಲ್ಲೂ! ರೋಡಲ್ಲಿ ಸಿಗ್ನಲ್ ನೋಡಿಲ್ವಾ ನೀವು?"

"ಸಿಗ್ನಲ್ ಹೋಗೋರಿಗೆ ಇರೋದು. ಪ್ಯಾನೆಲ್ ಕೈ ಹಾಕೋರಿಗೆ ಇರೋದು!" ನನ್ನ ಗಂಡನಿಗೆ ಸಿಟ್ಟು ನೆತ್ತಿಗೇರಿತು. "ಕೆಂಪು ಅಂದ್ರೆ ಒಳಗೆ ಕರೆಂಟ್ ಇದೆ, ಮುಟ್ಟಿದ್ರೆ ಹೆಣ. ಹಸಿರು ಅಂದ್ರೆ ಆಫು, ಕೈ ಹಾಕ್ಬಹುದು. ಹೆಲ್ಪರ್ ಕೆಲ್ಸಕ್ಕೆ ಸೇರಿದ ದಿನ ಮೊದಲು ಇದನ್ನ ಹೇಳಿಕೊಡ್ತಿದ್ದೆ ನಾನು. ಹಸಿರು ನೋಡು, ಆಮೇಲೆ ಕೈ ಹಾಕು, ಸಾಯಂಕಾಲ ಮನೆಗೆ ಹೋಗು ಅಂತ. ನಿಮ್ದು ಮಷೀನು ಚೆನ್ನಾಗಿದೆ ಅಂತ ಹೇಳೋ ದೀಪ. ಮನುಷ್ಯ ಚೆನ್ನಾಗಿದ್ದಾನಾ ಅಂತ ಹೇಳೋ ದೀಪ ಯಾವ್ದಿದೆ ಇದರಲ್ಲಿ?"

ಮಾಲೀಕರು ಪೆಟ್ಟಿಗೆಯ ಕಡೆ ತಿರುಗಿ ನೋಡಿದರು. ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡಿದವಳಿಗೆ, ಒಂದು ಹಸಿರು ದೀಪ ಇವರನ್ನು ದಿನಾ ಮನೆಗೆ ಕಳಿಸುತ್ತಿತ್ತು ಎಂದು ಗೊತ್ತೇ ಇರಲಿಲ್ಲ. ಹೇಳಬಾರದಿತ್ತೇ ಈ ಮನುಷ್ಯ?

ಅಷ್ಟರಲ್ಲಿ ಅವರ ಸಿಟ್ಟು ಇಳಿದು ಮುಖ ಸಪ್ಪೆಯಾಗಿತ್ತು. ಫಿಲಂ ಕಾಪಿ ಅರ್ಧಕ್ಕೇ ನಿಂತಿತ್ತು; ಮೊದಲಿನಿಂದ ಶುರು ಮಾಡಬೇಕು ಎಂದರು ಮಾಲೀಕರು. ನನ್ನ ಗಂಡ ಬಾಗಿಲ ಹಿಡಿಯ ಕೆಂಪು ಚೀಟಿಯನ್ನು ಬಿಚ್ಚಿ ಕಟ್ಟಿನಲ್ಲಿ ಸೇರಿಸಿ, ಡಬ್ಬಿಯನ್ನು ಚೀಲಕ್ಕೆ ಹಾಕಿದರು. ಕೆಲಸ ಹೋಯಿತು ಎಂದು ಅವರಿಗೆ ಗೊತ್ತಾಗಿತ್ತು. ನನಗೆ ಅಳು ಬಂದಂತಾಗಿ, ಸುಮ್ಮನೆ ಆಲ್ಬಮ್ಮುಗಳನ್ನು ಜೋಡಿಸತೊಡಗಿದೆ.

"ಇದೇನು?" ಎಂದರು ಮಾಲೀಕರು. ನೀರಿನ ಬಾಟಲಿಗೆ ಅಂಟಿಕೊಂಡಿದ್ದ ಕಪ್ಪು ಟೇಪಿನ ಚೂರನ್ನು ಕಿತ್ತು ನೋಡುತ್ತಿದ್ದರು.

"ನಿಮ್ಮ ಹಳೇ ಟೆಕ್ನೀಷಿಯನ್ನು ಆ ದೀಪದ ಮೇಲೆ ಅಂಟಿಸಿದ್ದು. ಬೆಳಿಗ್ಗೆ ಕಿತ್ತೆ. ಮಿಣುಕೋದು ನೋಡಿ ಕಣ್ಣಿಗೆ ಬೇಜಾರಾಗಿರ್ಬೇಕು ಅವನಿಗೆ."

"ಈ ದೀಪದ ಮೇಲಾ?" ಮಾಲೀಕರು ಕುರ್ಚಿಯಲ್ಲಿ ಕುಸಿದರು. "ಹೋದ ಬೇಸಿಗೇಲಿ ಎಸಿ ಕೆಟ್ಟಿತ್ತು ಅಕ್ಕ. ನೆನಪಿದ್ಯಾ?"

ನೆನಪಿತ್ತು. ಎಸಿ ಕೆಟ್ಟ ವಾರವೇ ಆ ಹುಡುಗಿಯ ಮದುವೆ ಅಳಿಸಿಹೋದದ್ದು. ಅವತ್ತೂ ಪೆಟ್ಟಿಗೆ ಕಾದು ಈ ದೀಪ ಕೆಂಪಗೆ ಮಿಣುಕಿರಬೇಕು, ಟೇಪಿನ ಕೆಳಗೆ, ಯಾರಿಗೂ ಕಾಣದೆ. ಆ ಟೆಕ್ನೀಷಿಯನ್ನಿಗೆ ಕೆಂಪು ಎಂದರೇನು ಎಂದು ಚೆನ್ನಾಗಿ ಗೊತ್ತಿತ್ತು.

"ಅಂಕಲ್, ಇವತ್ತು ಎಷ್ಟು ಸಲ ಎದ್ದು ಹೋಗಿ ನೋಡಿದ್ರಿ ಇದನ್ನ?"

"ಎಷ್ಟು ಸಲ ಅಂದ್ರೆ? ನೋಡ್ತಾನೇ ಇದ್ದೆ. ಅದೇ ತಾನೇ ಕೆಲ್ಸ?"

"ಊಟಾನೂ ಮಾಡಕ್ಕೆ ಬಿಡ್ಲಿಲ್ಲ ನಂಗೆ," ಎಂದೆ ನಾನು.

ಮಾಲೀಕರು ನಕ್ಕುಬಿಟ್ಟರು. "ಹಸಿರು ಕೆಂಪು ನಾನು ಕಲಿಸ್ಕೊಡ್ತೀನಿ, ಒಂದು ದಿನದ ಪಾಠ. ಈ ನೋಡೋದನ್ನ ಯಾರಿಗೂ ಕಲಿಸಕ್ಕಾಗಲ್ಲ. ಒಂದನೇ ತಾರೀಖಿಂದ ಬಂದ್ಬಿಡಿ ಅಂಕಲ್. ಆ ಎಸಿ ಒಂದು ಮಾತ್ರ ಮುಟ್ಬೇಡಿ, ಕೈ ಮುಗೀತೀನಿ."

ನನ್ನ ಗಂಡ ಆಗ ಕೇಕ್ ತಿಂದರು. ತಿನ್ನುತ್ತಲೇ ಪಾಠವೂ ಶುರುವಾಯಿತು. ಬಟನ್ ಮೇಲೆ ಹಸಿರಿದ್ದರೆ ಓಡುತ್ತಿದೆ. ಮೆತ್ತಗೆ ಒಂದು ಸಲ ಒತ್ತಿದರೆ ಎಲ್ಲ ಎತ್ತಿಟ್ಟು ನಿಲ್ಲುತ್ತದೆ. ಒತ್ತಿ ಹಿಡಿದರೆ ಇದ್ದಲ್ಲೇ ಸಾಯುತ್ತದೆ, ಹಾಗೆ ಮಾಡಲೇಬಾರದು. ಆರೆಂಜ್ ಇದ್ದರೆ ಟ್ರಿಪ್ ಅಲ್ಲ, ಸ್ಟ್ಯಾಂಡ್‌ಬೈ: ಕೆಲಸ ಮಾಡುತ್ತಿಲ್ಲ, ಆದರೆ ಒಳಗೆ ಕರೆಂಟಿದೆ, ಯಾರಾದರೂ ಒತ್ತಿದರೆ ಎದ್ದೇಳುತ್ತದೆ.

"ಅಂದ್ರೆ ರಿಟೈರ್ ಆಗಿದೆ ಅನ್ನಿ," ಎಂದರು ನನ್ನ ಗಂಡ.

"ಮತ್ತೆ ಈ ನೀಲಿ ಯಾಕೆ?" ಎಂದು ತುದಿಯ ಪುಟ್ಟ ಬಟನ್ ತೋರಿಸಿದರು. ಮಾಲೀಕರು ಒತ್ತಿದರು, ನೀಲಿ ದೀಪ ಹತ್ತಿತು. "ಇದು ಮಷೀನಿಗಲ್ಲ ಅಂಕಲ್, ಮನುಷ್ಯನಿಗೆ. ದೊಡ್ಡ ಕಂಪನಿಗಳಲ್ಲಿ ಇಂಥವು ಸಾಲಾಗಿ ಇರ್ತವೆ. ಮುಂದೆ ನಿಂತೋನು ಇದನ್ನ ಒತ್ತಿದ್ರೆ ಸಾಲಿನ ಹಿಂದೆ ಇರೋನಿಗೂ ದೀಪ ಕಾಣುತ್ತೆ, ನೋಡ್ಬೇಕಾದ ಮಷೀನು ಇದೇ ಅಂತ ಗೊತ್ತಾಗುತ್ತೆ. ಇದರಿಂದ ಏನೂ ಆನ್ ಆಗಲ್ಲ, ಆಫ್ ಆಗಲ್ಲ. ನಮ್ಮತ್ರ ಇರೋದು ಒಂದೇ ಸರ್ವರು, ನಮಗೆ ಉಪಯೋಗ ಇಲ್ಲ."

ಈಗ ಅವರು ಅಲ್ಲಿ ಪರ್ಮನೆಂಟ್. ನನ್ನ ಮಿಕ್ಸಿಯ ಚೀಟಿ ಬಿಚ್ಚಿದ್ದಾರೆ, ಫ್ರಿಜ್ಜಿಗೆ ರೆಸ್ಟ್ ಇಲ್ಲ. ಸರ್ವರ್ ರೂಮಿನ ಬಾಗಿಲ ಗಾಜು ನನ್ನ ಟೇಬಲ್ಲಿಗೆ ಎದುರೇ ಇದೆ. ಸಂಜೆ ಪೆಟ್ಟಿಗೆಯ ಧೂಳು ಒರೆಸಿ, ಟೆಸ್ಟರ್ ಜೇಬಿಗೆ ಹಾಕಿ, ಕೆಲಸ ಮುಗಿದು ಕೈ ಹೊರಗೆ ಬಂದ ಮೇಲೆ, ಅವರು ಆ ಉಪಯೋಗವಿಲ್ಲದ ನೀಲಿ ದೀಪವನ್ನು ಹಚ್ಚುತ್ತಾರೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಮೊದಲ ದಿನ ಅದನ್ನು ಕಂಡಾಗ ನಾನು ಕಸ್ಟಮರ್ ಮುಂದೆಯೇ ಕಣ್ಣು ಒರೆಸಿಕೊಂಡೆ. ಧೂಳು ಬಿತ್ತು ಎಂದು ಸುಳ್ಳು ಹೇಳಿದೆ.

ಈಗೀಗ ಸಂಜೆ ನಾನು ಟೇಬಲ್ಲಿನಿಂದ ಏಳುವುದು ಸ್ವಲ್ಪ ತಡವಾದರೆ ಸಾಕು, ಗಾಜಿನಾಚೆ ಆ ದೀಪ ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ, ಆರುತ್ತದೆ.

"ಬಂದೆ ಕಣ್ರೀ, ಬಂದೆ," ಎನ್ನುತ್ತ ನಾನು ಛತ್ರಿ ತೆಗೆದುಕೊಳ್ಳುತ್ತೇನೆ.